ಹರವು: ಸಂತಾಲಿ ಎಲ್ಲಿ, ಪೋರ್ಚುಗೀಸ್ ಎಲ್ಲಿ?

ಸುಗ್ಗಿಯಲ್ಲಿ ಅಂಗಳದ ತುಂಬ ಭತ್ತ ಹರವುತ್ತಾರೆ. ಕೆರೆಯ ಹರವು ದೊಡ್ಡದು ಅನ್ನುತ್ತೇವೆ. ಇದೇ ಮಾತು ಭಾಷೆಗೂ ಒಪ್ಪುತ್ತದೆ. ಒಂದು ಭಾಷೆ ಎಲ್ಲೆಲ್ಲಿ ಹಬ್ಬಿದೆಯೋ ಅದು ಅದರ ಹರವು. ಪಠ್ಯಗಳಲ್ಲಿ 'ಭಾಷಾ ವ್ಯಾಪ್ತಿ' ಅಂತ ಬರೆಯುತ್ತಾರೆ. ನನಗೆ ಹರವು ಅನ್ನೋ ಪದವೇ ಇಷ್ಟ. ಹರವಿದ ಭತ್ತ ಕಂಡರೆ ಯಾರೋ ಹರವಿದ್ದಾರೆ ಅಂತ ಗೊತ್ತಾಗುತ್ತದೆ, ಅಲ್ವಾ? ಭಾಷೆಯೂ ಹಾಗೇ. ತಾನಾಗಿ ಸುಮ್ನೆ ಹಬ್ಬುವುದಿಲ್ಲ.

ಪೋರ್ಚುಗೀಸನ್ನೇ ನೋಡಿ. ಅದರ ತವರು ಪೋರ್ಚುಗಲ್. ಅಲ್ಲಿನ ಜನಸಂಖ್ಯೆ ಸುಮಾರು ಒಂದು ಕೋಟಿ. ಆದರೆ ಬ್ರೆಜಿಲ್ ಒಂದರಲ್ಲೇ 20 ಕೋಟಿಗೂ ಜಾಸ್ತಿ ಜನರಿದ್ದಾರೆ, ಹೆಚ್ಚುಕಡಿಮೆ ಎಲ್ಲರೂ ಆಡುವುದು ಇದೇ ಭಾಷೆ. ಆಫ್ರಿಕಾದಲ್ಲಿ ಅಂಗೋಲ, ಮೊಜಾಂಬಿಕ್, ಗಿನಿ ಬಿಸಾವು, ಕೇಪ್ ವರ್ಡ್, ಸಾವೊ ತೊಮೆ ಮತ್ತು ಪ್ರಿನ್ಸಿಪೆಗಳಲ್ಲಿ ಅದು ಆಡಳಿತ ಭಾಷೆ. ಏಷ್ಯಾದ ಪೂರ್ವ ತಿಮೋರ್‌ನಲ್ಲಿ ಅಲ್ಲಿನದೇ ಭಾಷೆಯಾದ ತೆತುಮ್ ಜೊತೆಗೆ ಅದೂ ಇದೆ. ಮಕಾವು 1999ರಲ್ಲಿ ಚೀನಾಕ್ಕೆ ಸೇರಿದ ಮೇಲೂ ಅಲ್ಲಿನ ಬೀದಿ ಫಲಕಗಳಲ್ಲಿ ಪೋರ್ಚುಗೀಸ್ ಉಳಿದಿದೆ.

ಇದು ಹಡಗು ಹರವಿದ ಭಾಷೆ. ಹಡಗಿನ ಹಿಂದೆ ಕೋಟೆ, ಚರ್ಚು, ಕಚೇರಿ ಬಂದವು. ಬ್ರೆಜಿಲ್‌ನ ತೀರಕ್ಕೆ ಪೋರ್ಚುಗೀಸರು ಮುಟ್ಟಿದ್ದು 1500ರಲ್ಲಿ. ಅದಾಗಿ ಎರಡು ಶತಮಾನ ಕಳೆದರೂ ಅಲ್ಲಿನ ಬಹಳ ಕಡೆ ಜನರ ಬಳಕೆಯಲ್ಲಿ ಇದ್ದದ್ದು ತುಪಿ ಅನ್ನೋ ಅಲ್ಲಿನ ಮೂಲ ಭಾಷೆಯಿಂದ ಬಂದ ಒಂದು ಬೆರಕೆ ನುಡಿ. 1750ರ ದಶಕದಲ್ಲಿ ಲಿಸ್ಬನ್ನಿನ ಸರ್ಕಾರ ಅದನ್ನು ಬಿಡಿಸಿ ಪೋರ್ಚುಗೀಸನ್ನೇ ಕಲಿಸಬೇಕು ಅಂತ ಆಜ್ಞೆ ಹೊರಡಿಸಿತು. ಭೂಪಟದಲ್ಲಿ ಬ್ರೆಜಿಲ್‌ಗೆ ಒಂದೇ ಬಣ್ಣ ಬಳಿಯುವಾಗ ಈ ಸಂಗತಿ ಮರೆತುಹೋಗುತ್ತದೆ.

ಆಡಳಿತ ಭಾಷೆ ಅಂದ ಮಾತ್ರಕ್ಕೆ ಮನೆಮಾತು ಅಂತಲೂ ಅಲ್ಲ. ಮೊಜಾಂಬಿಕ್‌ನಲ್ಲಿ ಹೆಚ್ಚಿನ ಮಕ್ಕಳು ಮೊದಲು ಕಲಿಯುವುದು ಮಕುವಾ, ಸೇನಾ, ಚಂಗಾನ ತರದ ಭಾಷೆಗಳನ್ನು. ಕೇಪ್ ವರ್ಡ್‌ನಲ್ಲಿ ಮನೆಯ ಮಾತು ಕ್ರಿಯೋಲು ಅನ್ನೋ ಬೆರಕೆ ನುಡಿ, ಕಚೇರಿಯ ಕಾಗದ ಪೋರ್ಚುಗೀಸ್. ಹರವು ಅಂದಾಗ ಎಷ್ಟು ದೇಶ ಅಂತ ಮಾತ್ರ ಎಣಿಸಿದರೆ ಸಾಲದು ಅನ್ನೋದು ಇದಕ್ಕೇ.

ಈಗ ಸಂತಾಲ ಬುಡಕಟ್ಟಿನವರ ಭಾಷೆಯಾದ ಸಂತಾಲಿಗೆ ಬರೋಣ. ಅದರ ಹರವು ಇಷ್ಟು: ಜಾರ್ಖಂಡ್, ಪಶ್ಚಿಮ ಬಂಗಾಳ, ಒಡಿಶಾ, ಬಿಹಾರ, ಅಸ್ಸಾಂ, ಗಡಿಯಾಚೆ ಬಾಂಗ್ಲಾದೇಶದ ರಾಜಶಾಹಿ ಮತ್ತು ದಿನಾಜ್‌ಪುರದ ಕಡೆ, ನೇಪಾಳದ ಝಾಪಾ ಮತ್ತು ಮೊರಂಗ್. 2011ರ ಜನಗಣತಿಯಲ್ಲಿ ಭಾರತದಲ್ಲೇ ಸುಮಾರು 73.7 ಲಕ್ಷ ಜನ ಇದನ್ನು ತಾಯ್ನುಡಿ ಎಂದು ಬರೆಸಿದ್ದರು. ಅವರು ತಮ್ಮನ್ನು 'ಹೊಡ್' ಅಂದುಕೊಳ್ಳುತ್ತಾರೆ, ಅಂದರೆ ಮನುಷ್ಯರು. ಭಾಷೆ 'ಹೊಡ್ ರೊಡ್', ಮನುಷ್ಯರ ಮಾತು.

ಈ ಭಾಷೆಯ ನಂಟು ಹಿಂದಿ, ಬಂಗಾಳಿಗಳ ಜೊತೆಗಲ್ಲ, ನಮ್ಮ ದ್ರಾವಿಡದ ಜೊತೆಗೂ ಅಲ್ಲ. ಎಣಿಸಿ ನೋಡಿ: ಮಿತ್, ಬಾರ್, ಪೆ, ಪೊನ್. ವಿಯೆಟ್ನಾಮಿನಲ್ಲಿ ಮೂರಕ್ಕೆ 'ಬಾ', ನಾಲ್ಕಕ್ಕೆ 'ಬೊನ್' ಅನ್ನುತ್ತಾರೆ. ಪೆಗೆ ಬಾ, ಪೊನ್‌ಗೆ ಬೊನ್. ಜಾರ್ಖಂಡಿನ ಹಳ್ಳಿಯ ಎಣಿಕೆಗೆ ಹನೋಯ್‌ನಲ್ಲಿ ದಾಯಾದಿಗಳು! ಮೊದಲ ಸಲ ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಸಂತಾಲಿಯನ್ನು ಹರವಿದ್ದು ಕಾಲ್ನಡಿಗೆ. ಕಾಡು ಕಡಿದು ಗದ್ದೆ ಮಾಡುತ್ತ ಜನ ಹೊಸ ನೆಲಕ್ಕೆ ಹೋದರು. 1830ರ ದಶಕದಲ್ಲಿ ರಾಜಮಹಲ್ ಬೆಟ್ಟಗಳ ತಪ್ಪಲಿನ ದಾಮಿನ್-ಇ-ಕೋಹ್ ಅನ್ನೋ ಪ್ರದೇಶಕ್ಕೆ ಸಾವಿರಾರು ಜನ ಬಂದು ನೆಲೆಸಿದರು. ಸಾಲ ಕೊಟ್ಟವರ ಕಾಟ, ಜಮೀನ್ದಾರರ ಸುಲಿಗೆ ತಾಳಲಾರದೆ 1855ರಲ್ಲಿ ಸಿದೋ ಮತ್ತು ಕಾನ್ಹು ಮುರ್ಮು ಅನ್ನೋ ಅಣ್ಣತಮ್ಮಂದಿರ ಜೊತೆ ದಂಗೆ ಎದ್ದರು. ಅದೇ 'ಹುಲ್'. ಅಸ್ಸಾಮಿನಲ್ಲಿ ಸಂತಾಲಿ ಕೇಳಿಸುವುದಕ್ಕೆ ಚಹಾ ತೋಟಗಳೂ ಕಾರಣ. ಅಲ್ಲಿ ಎಲೆ ಕೀಳಲು ಇವರನ್ನು ಕೂಲಿಗೆ ಕರೆದೊಯ್ದರು.

ಹೋದಲ್ಲೆಲ್ಲ ಸರ್ಕಾರ ಬೇರೆಯವರದ್ದು, ಶಾಲೆ ಬೇರೆ ಭಾಷೆಯದ್ದು. ಅದಕ್ಕೇ ಒಂದೇ ಮಾತು ಬಂಗಾಳದಲ್ಲಿ ಬಂಗಾಳಿ ಲಿಪಿಯಲ್ಲಿ, ಒಡಿಶಾದಲ್ಲಿ ಒಡಿಯಾದಲ್ಲಿ, ಬಿಹಾರದ ಕಡೆ ದೇವನಾಗರಿಯಲ್ಲಿ, ಮಿಷನರಿಗಳ ಕೈಯಲ್ಲಿ ರೋಮನ್‌ನಲ್ಲಿ ಬರೆಸಿಕೊಂಡಿತು. ಮಯೂರ್‌ಭಂಜ್‌ನ ಪಂಡಿತ್ ರಘುನಾಥ್ ಮುರ್ಮು 1925ರಲ್ಲಿ 'ಒಲ್ ಚಿಕಿ' ಲಿಪಿ ರೂಪಿಸಿದರು. ಒಲ್ ಅಂದರೆ ಬರೆಯುವುದು, ಚಿಕಿ ಅಂದರೆ ಗುರುತು. 30 ಅಕ್ಷರಗಳು, ಸಂತಾಲಿಯ ಬಾಯಿಗೆ ಹೊಂದುವಂತೆ ಅಳೆದು ಮಾಡಿದವು. 2003ರಲ್ಲಿ ಸಂತಾಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು, ಅಂದರೆ ಕನ್ನಡ ಇರುವ ಅದೇ ಪಟ್ಟಿಗೆ.

ಹೋಲಿಕೆಯಲ್ಲಿ ನನ್ನನ್ನು ಕಾಡುವುದು ಈ ಲಿಪಿಯ ವಿಷಯವೇ. ಸಾಗರಗಳಾಚೆ ಚೆದುರಿದ ಪೋರ್ಚುಗೀಸಿಗೆ ಒಂದೇ ಲಿಪಿ. ಒತ್ತಾಗಿ, ನೆಲಕ್ಕೆ ನೆಲ ತಾಗಿಕೊಂಡಿರುವ ಸಂತಾಲಿಗೆ ಐದು. ಲಿಸ್ಬನ್ನಿನಲ್ಲಿ ಅಚ್ಚಾದ ಪುಸ್ತಕವನ್ನು ರಿಯೊದಲ್ಲೂ ಲುವಾಂಡದಲ್ಲೂ ಓದುತ್ತಾರೆ. ಬಾರಿಪದಾದಲ್ಲಿ ಒಡಿಯಾ ಲಿಪಿ ಮಾತ್ರ ಕಲಿತವನು ಬರೆದ ಸಂತಾಲಿ ಕಾಗದ, ದಿನಾಜ್‌ಪುರದಲ್ಲಿ ಬಂಗಾಳಿ ಲಿಪಿ ಮಾತ್ರ ಬಲ್ಲ ನೆಂಟನಿಗೆ ಅರ್ಥವಾಗಬೇಕಾದರೆ ಯಾರಾದರೂ ಓದಿ ಹೇಳಬೇಕು. ಕೇಳಿದರೆ ಗೊತ್ತಾಗುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ.

ಹರವಿಗೆ ಇನ್ನೊಂದು ಬಗೆಯೂ ಇದೆ: ಆಡುವವರು ಇಲ್ಲದ ಕಡೆಗೂ ಪದಗಳು ತಲುಪುವುದು. ಅಲಮಾರು, ಚಾವಿ, ಪಾದ್ರಿ, ಕರಾವಳಿಯವರ ಬಟಾಟೆ, ಇವೆಲ್ಲ ಪೋರ್ಚುಗೀಸ್ ಮೂಲದವು. ಹೂಗ್ಲಿಯಲ್ಲಿ ಪೋರ್ಚುಗೀಸರು ನೆಲೆ ಊರಿದ್ದರಿಂದ ಬಂಗಾಳಿಯಲ್ಲೂ ಬೀಗದ ಕೈಗೆ 'ಚಾಬಿ', ಕಿಟಕಿಗೆ 'ಜಾನಾಲಾ'. ಸಂತಾಲಿಯ ನೆರೆಮನೆಯ ತನಕ ಪೋರ್ಚುಗೀಸ್ ಬಂದಿತ್ತು.

ಬಾಂಗ್ಲಾದೇಶ 2017ರಲ್ಲಿ ಚಕ್ಮಾ, ಮರ್ಮಾ, ತ್ರಿಪುರಾ, ಗಾರೊ, ಸಾದ್ರಿ ಮಕ್ಕಳಿಗೆ ತಾಯ್ನುಡಿಯ ಮೊದಲ ಪುಸ್ತಕ ಕೊಟ್ಟಿತು. ಸಂತಾಲಿ ಮಕ್ಕಳಿಗೆ ಸಿಗಲಿಲ್ಲ. ಯಾವ ಲಿಪಿಯಲ್ಲಿ ಅಚ್ಚು ಹಾಕಬೇಕು ಅನ್ನೋದು ಆಗ ಇನ್ನೂ ತೀರ್ಮಾನವಾಗಿರಲಿಲ್ಲ.