ತಪ್ಪು ದಪ್ಪ ತೊಡೆಯದ್ದಲ್ಲ, ಅರ್ಧ ಸ್ಕ್ವಾಟ್‌ನದ್ದು

ಏಪ್ರಿಲ್ ಬಂತೆಂದರೆ ಕೊಡಗಿನಲ್ಲಿ ಹಾಕಿಯದ್ದೇ ಮಾತು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಹೊತ್ತಿಗೆ ನನ್ನ ಹತ್ತಿರ ತೊಡೆ ಹಿಡಿದುಕೊಂಡು ಬರುವವರೂ ಜಾಸ್ತಿ.

ಗೋಣಿಕೊಪ್ಪದ ಕಡೆಯ ಹುಡುಗನೊಬ್ಬ ಬಂದಿದ್ದ. ವರ್ಷವಿಡೀ ಜಿಮ್‌ಗೆ ಹೋಗಿ ತೊಡೆ ಚೆನ್ನಾಗಿ ಬೆಳೆಸಿದ್ದ. "ಸರ್, ಮಸಲ್ ಜಾಸ್ತಿಯಾಗಿ ಮೈ ಬಿಗಿದುಹೋಗಿದೆ, ಚೆಂಡಿಗೆ ಬಗ್ಗೋಕೇ ಆಗ್ತಿಲ್ಲ. ವೇಟ್ಸ್ ಬಿಟ್ಟುಬಿಡ್ಲಾ?" ಅಂದ. ಬೇಡ, ಮೊದಲು ಸ್ಕ್ವಾಟ್ ಮಾಡಿ ತೋರಿಸು ಅಂದೆ. ಬಾರ್‌ನಲ್ಲಿ 100 ಕೆಜಿ, ಆದರೆ ಕೆಳಗಿಳಿದಿದ್ದು ಒಂದೇ ಗೇಣು. ತೂಕ ತೆಗೆಸಿ ಪೂರ್ತಿ ಕೂತ್ಕೋ ಅಂದರೆ ಎರಡೂ ಹಿಮ್ಮಡಿ ನೆಲ ಬಿಟ್ಟು ಎದ್ದವು.

ಸಮಸ್ಯೆ ಅಲ್ಲೇ ಇತ್ತು. ಸ್ನಾಯು ಎಷ್ಟು ದೂರದವರೆಗೆ ಕೆಲಸ ಮಾಡಿರುತ್ತದೋ ಅಷ್ಟರಲ್ಲೇ ಹೆಚ್ಚು ಗಟ್ಟಿಯಾಗುತ್ತದೆ. ಟ್ಯಾಕಲ್‌ಗೆ ಕಾಲು ಚಾಚಿ ನೆಲಕ್ಕೆ ಹತ್ತಿರ ಬಗ್ಗುವಾಗ ತೊಡೆ ಪೂರ್ತಿ ಎಳೆದುಕೊಂಡಿರುತ್ತದೆ, ಆ ಜಾಗದಲ್ಲಿ ಇವನಿಗೆ ಬಲವೇ ಇರಲಿಲ್ಲ. ತೂಕ ಹಿಡಿದು ಪೂರ್ತಿ ಇಳಿದು ಏಳುವ ವ್ಯಾಯಾಮ ಸ್ಟ್ರೆಚಿಂಗ್‌ನಷ್ಟೇ ಮೈ ಸಡಿಲ ಮಾಡುತ್ತದೆ, ಇದನ್ನು ಎಷ್ಟು ಹೇಳಿದರೂ ಜನ ನಂಬಲ್ಲ! ಅವನಿಗೆ 40 ಕೆಜಿ ಕೊಟ್ಟು, ಹಿಮ್ಮಡಿ ಕೆಳಗೆ ತೆಳ್ಳನೆ ಹಲಗೆ ಇಟ್ಟು, ನಿಧಾನವಾಗಿ ಕೆಳಗಿನವರೆಗೂ ಇಳಿಸಿದೆ. ತೊಡೆಯ ಹಿಂಭಾಗಕ್ಕೆ ರೊಮೇನಿಯನ್ ಡೆಡ್‌ಲಿಫ್ಟ್, ಅಂದರೆ ಬಾರ್ ಹಿಡಿದು ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಮುಂದೆ ಬಗ್ಗಿ ಏಳುವುದು.

ಬಲ ಬೇರೆ, ಗಾತ್ರ ಬೇರೆ. ಶುರುವಿನ ಕೆಲವು ವಾರ ಬಲ ಏರುವುದು ಹೆಚ್ಚಾಗಿ ನರಗಳು ಕೆಲಸ ಕಲಿಯುವುದರಿಂದ, ಸ್ನಾಯು ದಪ್ಪವಾಗುವುದು ಆಮೇಲೆ. ಬಲಕ್ಕೆ ಭಾರ ಜಾಸ್ತಿ, ಒಂದು ಸೆಟ್‌ನಲ್ಲಿ ಅಂದರೆ ಒಂದು ಸುತ್ತಿನಲ್ಲಿ 3ರಿಂದ 5 ರೆಪ್ಸ್ (ಅಷ್ಟು ಸಲ ಎತ್ತುವುದು), ಸೆಟ್‌ಗಳ ನಡುವೆ ಮೂರು ನಿಮಿಷ ಸುಮ್ನೆ ಕೂತ್ಕೊಳ್ಳಿ. ಗಾತ್ರಕ್ಕೆ 8ರಿಂದ 12 ರೆಪ್ಸ್, ಸೆಟ್ ಜಾಸ್ತಿ, ಹೊಟ್ಟೆ ತುಂಬ ಊಟ. ಹಾಕಿಯವರು ಗಾತ್ರದ ಕೆಲಸವನ್ನು ಮಳೆಗಾಲದಲ್ಲಿ ಮುಗಿಸಿಕೊಳ್ಳಲಿ, ಹೇಗೂ ಮೈದಾನ ಕೆಸರು ಅಲ್ವಾ? ಕಾಫಿ ಕೊಯ್ಲಿನ ದಿನಗಳಲ್ಲಿ ಮೂಟೆ ಹೊರುವುದೂ ಕೆಲಸವೇ, ಆಗ ವಾರಕ್ಕೆ ಎರಡು ದಿನ ಭಾರ ಎತ್ತಿದರೆ ಸಾಕು. ಮಾರ್ಚ್‌ನಿಂದ ಸೆಟ್ ಕಡಿಮೆ ಮಾಡಿ, ಭಾರ ಇಳಿಸಬೇಡಿ, ಓಟ ಸೇರಿಸಿ.

ಮ್ಯಾಚ್‌ಗೆ ಮೊದಲು ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿಯಬೇಡಿ, ಸ್ವಲ್ಪ ಹೊತ್ತು ಕಾಲಿನ ಕಸುವು ಇಳಿಯುತ್ತದೆ. ಕಾಲು ಬೀಸಿ, ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ ಇಳಿಯುವ ಲಂಜ್ ಮಾಡಿ, ಮೆಲ್ಲಗೆ ಓಡಿ. ಉದ್ದದ ಸ್ಟ್ರೆಚ್ ರಾತ್ರಿಗಿರಲಿ.

ಎರಡು ತಿಂಗಳಾದ ಮೇಲೆ ಆ ಹುಡುಗ 70 ಕೆಜಿಗೆ ಬಂದ, ಪೂರ್ತಿ ಕೂತು. ಎಡ ಹಿಮ್ಮಡಿ ಇನ್ನೂ ಸ್ವಲ್ಪ ಏಳುತ್ತದೆ, ಹಾಗಾಗಿ ಹಲಗೆ ತೆಗೆದಿಲ್ಲ.