ಆಕಾಶಬುಟ್ಟಿಯಲ್ಲಿ ಯಾವ ಹಕ್ಕಿಯೂ ಮೊಟ್ಟೆಯಿಡುವುದಿಲ್ಲ

ಪ್ರತಿ ವರ್ಷ ಫೆಬ್ರವರಿಯಿಂದ ಏಪ್ರಿಲ್ ಮುಗಿಯುವವರೆಗೆ ಅಮೆರಿಕದ ಟೆಕ್ಸಸ್‌ನ ಹ್ಯೂಸ್ಟನ್ ಸುತ್ತಮುತ್ತಲಿನ ಮನೆಗಳಿಂದ ನನಗೆ ಬರುವ ದೂರವಾಣಿ ಕರೆಗಳಲ್ಲಿ ಹೆಚ್ಚಿನವು ಒಂದೇ ದೂರಿನಿಂದ ಆರಂಭವಾಗುತ್ತವೆ: ಪರ್ಪಲ್ ಮಾರ್ಟಿನ್ ಹಕ್ಕಿ ಬಂತು, ಗೂಡಿಗೆಂದು ನೇತುಹಾಕಿದ ಸೋರೆಯಾಕಾರದ ಬುರುಡೆಯ ಬಾಯಲ್ಲಿ ಕೂತಿತು, ಒಳಗೆ ಇಣುಕಿತು, ಹಾರಿಹೋಯಿತು. ಇದಾದ ಮೇಲೆ ಬರುವ ಪ್ರಶ್ನೆಯೂ ಒಂದೇ: ಇನ್ನು ಯಾವ ಬಣ್ಣದ ಬುರುಡೆ ಕೊಳ್ಳಬೇಕು? ಹಕ್ಕಿ ಇಣುಕಿದ್ದು ಒಳಗೆ ಎಂದು ತಾವೇ ಹೇಳಿ, ಮರುಕ್ಷಣವೇ ಹೊರಗಿನ ಬಣ್ಣವನ್ನು ಕೇಳುವ ಈ ಜನರಿಗೆ ಹದಿನಾರು ವರ್ಷಗಳಿಂದ ಉತ್ತರ ಹೇಳುತ್ತಿದ್ದೇನೆ. ಹಕ್ಕಿಗೂಡುಗಳ ಸಲಹೆಗಾರಳಾಗಿ ನನ್ನ ಸಂಬಳಕ್ಕೆ ಕಾರಣವೇ ಇವರಾದ್ದರಿಂದ ಸಿಟ್ಟು ತೋರಿಸುವಂತಿಲ್ಲ. ಈ ಅಂಕಣದಲ್ಲಿ ಸ್ವಲ್ಪ ತೋರಿಸುತ್ತೇನೆ.

ಪರ್ಪಲ್ ಮಾರ್ಟಿನ್ ನಮ್ಮಲ್ಲಿ ಕವಲುತೋಕೆ ಎಂದು ಕರೆಯುವ ಹಕ್ಕಿಗಳ ಬಳಗದ್ದು, ಉತ್ತರ ಅಮೆರಿಕದ ಕವಲುತೋಕೆಗಳಲ್ಲೆಲ್ಲ ದೊಡ್ಡದು. ಚಳಿಗಾಲವನ್ನು ದಕ್ಷಿಣ ಅಮೆರಿಕದಲ್ಲಿ, ಮುಖ್ಯವಾಗಿ ಬ್ರೆಜಿಲ್‌ನಲ್ಲಿ ಕಳೆದು ಮರಿ ಮಾಡಲು ಇಲ್ಲಿಗೆ ಬರುತ್ತದೆ. ರಾಕಿ ಪರ್ವತಗಳ ಪೂರ್ವಕ್ಕಿರುವ ಮಾರ್ಟಿನ್‌ಗಳು ಮರದ ಪೊಟರೆಯನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟಿದ್ದು, ಮನುಷ್ಯರು ಕಟ್ಟಿಕೊಟ್ಟ ಗೂಡುಗಳನ್ನೇ ನೆಚ್ಚಿಕೊಂಡಿವೆ. ಅಮೆರಿಕದ ಮೂಲನಿವಾಸಿಗಳಾದ ಚೊಕ್ಟಾ ಮತ್ತು ಚಿಕಸಾ ಜನರು ಗುಡಿಸಲ ಪಕ್ಕದಲ್ಲಿ ಟೊಳ್ಳಾದ ಸೋರೆ ಬುರುಡೆಗಳನ್ನು ನೇತುಹಾಕಿ ಇವುಗಳನ್ನು ಕರೆದುಕೊಳ್ಳುತ್ತಿದ್ದರೆಂದು ಪಕ್ಷಿತಜ್ಞ ಅಲೆಕ್ಸಾಂಡರ್ ವಿಲ್ಸನ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಬರೆದಿಟ್ಟಿದ್ದಾನೆ. ಆ ಸೋರೆ ನಮ್ಮ ಸೋರೆಯೇ, ತಂಬೂರಿಗೆ ಬಳಸುವ ಜಾತಿಯೇ. ಈಗ ಅಂಗಡಿಯಲ್ಲಿ ಸಿಗುವುದು ಅದರ ಆಕಾರದ ಪ್ಲಾಸ್ಟಿಕ್. ಈ ಹಕ್ಕಿ ದಿನಕ್ಕೆ 2000 ಸೊಳ್ಳೆ ತಿನ್ನುತ್ತದೆಂಬ ಮಾತನ್ನು ನಂಬಿ ಬುರುಡೆ ಕೊಂಡವರಿದ್ದರೆ, ಅದು ಬರಿಯ ಬುರುಡೆಯೆಂದು ತಿಳಿಯಬೇಕು. ಮಾರ್ಟಿನ್ ಹಗಲು ಹೊತ್ತು ಎತ್ತರದಲ್ಲಿ ಬೇಟೆಯಾಡುತ್ತದೆ, ಸೊಳ್ಳೆ ಬಹುಪಾಲು ಸಂಜೆಯ ಮೇಲೆ ತಗ್ಗಿನಲ್ಲಿ ಹಾರುತ್ತದೆ.

ಕಂಬವನ್ನು ಎಲ್ಲಿ ನೆಡಬೇಕೆಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮರಗಳಿಂದ ಕನಿಷ್ಠ 40 ಅಡಿ ದೂರ, ಮನೆಯಿಂದ 120 ಅಡಿಯೊಳಗೆ, 10ರಿಂದ 17 ಅಡಿ ಎತ್ತರ, ಕಂಬಕ್ಕೆ ಹಾವು ಮತ್ತು ರಕೂನ್ ಎಂಬ ಕಾಡುಪ್ರಾಣಿ ಹತ್ತದಂತೆ ತಡೆ. ಓಕ್ ಮರದ ಕೊಂಬೆಗೆ ಬುರುಡೆ ಕಟ್ಟಿ ಹಕ್ಕಿ ಬರಲಿಲ್ಲವೆನ್ನುವವರು ಈ ಅಂಕಣವನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಬುರುಡೆಯನ್ನು ಬಿಚ್ಚಿ ಇಳಿಸುವುದು ಒಳ್ಳೆಯದು.

ಕಳೆದ ವರ್ಷ ಫೆಬ್ರವರಿಯಲ್ಲಿ ಹ್ಯೂಸ್ಟನ್ ಹೊರವಲಯದ ಒಂದು ಕನ್ನಡದ ಮನೆಗೆ ಹೋಗಿದ್ದೆ. ಜಾಗ ಚೆನ್ನಾಗಿತ್ತು, ಕಂಬ ಸರಿಯಾಗಿತ್ತು, ಆರು ಬಿಳಿಯ ಪ್ಲಾಸ್ಟಿಕ್ ಬುರುಡೆಗಳಿದ್ದವು. ಎರಡು ವರ್ಷಗಳಿಂದ ಹಕ್ಕಿಗಳು ಬಂದು ಇಣುಕಿ ಹೋಗುತ್ತಿದ್ದವು. ಮನೆಯವರು ಬುರುಡೆಗಳ ಮೇಲೆ ಬಹಳ ಶ್ರದ್ಧೆಯಿಂದ ಹೂಬಳ್ಳಿಯ ಚಿತ್ತಾರ ಬಿಡಿಸಿದ್ದರು. ಮನೆಯೊಡತಿಯ ತಂದೆ, ಅರಸೀಕೆರೆ ಕಡೆಯ ನಿವೃತ್ತ ಮೇಷ್ಟ್ರು, ಮಗಳ ಮನೆಗೆ ಆರು ತಿಂಗಳಿಗೆಂದು ಬಂದಿದ್ದವರು, ಒಂದು ಬುರುಡೆಯನ್ನು ಕೈಗೆತ್ತಿಕೊಂಡು ಉಗುರಿನಿಂದ ತಟ್ಟಿ ನೋಡಿದರು. "ಅಲ್ಲಮ್ಮಾ, ನಮ್ಮಜ್ಜಿ ಬಿತ್ತನೆ ಬೀಜ ತುಂಬಿಡುತ್ತಿದ್ದ ಬುರುಡೆಯೊಳಗೆ ಕೈ ಹಾಕಿದರೆ ಏನೂ ಕಾಣುತ್ತಿರಲಿಲ್ಲ, ತಡಕಿ ತೆಗೆಯಬೇಕಾಗಿತ್ತು. ಇದರೊಳಗೆ ನೋಡಿದರೆ ದೀಪ ಹಚ್ಚಿಟ್ಟ ಹಾಗಿದೆಯಲ್ಲ" ಎಂದರು. ನಾನು ಅಳತೆಪಟ್ಟಿಯನ್ನು ಚೀಲಕ್ಕೆ ಹಾಕಿದೆ. ನನ್ನ ತಪಾಸಣೆಯ ಫಲಿತಾಂಶವನ್ನು ಅವರು ಹೇಳಿ ಮುಗಿಸಿದ್ದರು.

ನನ್ನ ಗಿರಾಕಿಗಳಿಗೆ ಎಷ್ಟು ಹೇಳಿದರೂ ಮನದಟ್ಟಾಗದ ಸಂಗತಿ ಇದೇ ಆಗಿರುವುದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ. ನಿಜವಾದ ಸೋರೆಯ ಗೋಡೆ ದಪ್ಪವಾಗಿ, ಮರದಂತೆ ಒಣಗಿ, ಬೆಳಕನ್ನು ಒಳಗೆ ಬಿಡದೆ ನಿಲ್ಲುತ್ತದೆ. ಬಿಳಿಯ ಪ್ಲಾಸ್ಟಿಕ್ಕಿನ ಗೋಡೆ ತೆಳ್ಳಗಿದ್ದು, ಟೆಕ್ಸಸ್‌ನ ಬಿಸಿಲಿಗೆ ದೀಪಾವಳಿಯ ಆಕಾಶಬುಟ್ಟಿಯಂತೆ ಒಳಗೆಲ್ಲ ಬೆಳಗುತ್ತದೆ. ಆಕಾಶಬುಟ್ಟಿಯನ್ನು ನಾವು ಹೊರಗಿನಿಂದ ನೋಡಿ ಸಂತೋಷಪಡುತ್ತೇವೆ. ಅದರೊಳಗೆ ಕೂತು ಹದಿನೈದು ಹದಿನಾರು ದಿನ ಕಾವು ಕೊಡಬೇಕಾದವರ ದೃಷ್ಟಿಯಿಂದ ಎಂದೂ ಯೋಚಿಸಿರುವುದಿಲ್ಲ. ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗೆ ಕತ್ತಲೆಯೇ ಗೋಡೆ. ಒಳಗೆ ಕತ್ತಲಿದ್ದು ಬಾಗಿಲೊಂದೇ ಬೆಳಗುತ್ತಿದ್ದರೆ, ಬಾಗಿಲಿಗೆ ಅಡ್ಡ ಬಂದ ನೆರಳು ತಕ್ಷಣ ತಿಳಿಯುತ್ತದೆ. ನಾಲ್ಕೂ ಕಡೆಯಿಂದ ಬೆಳಕು ಸುರಿಯುತ್ತಿದ್ದರೆ ಬಯಲಿನಲ್ಲಿ ಕೂತಂತೆಯೇ. ಹಕ್ಕಿಯ ಮನಸ್ಸಿನೊಳಗೆ ಹೊಕ್ಕು ಬಂದವಳಂತೆ ನಾನು ಮಾತನಾಡಬಾರದು, ಹೊಳೆಯುವ ಬುರುಡೆಗಳಲ್ಲಿಯೂ ಮರಿ ಮಾಡಿದ ಜೋಡಿಗಳನ್ನು ಕಂಡಿದ್ದೇನೆ. ಆದರೆ ಹಳೆಯ ನೆಲೆಯಲ್ಲಿ ಜಾಗ ಸಾಲದೆ ಹೊಂದಿಕೊಳ್ಳುವ ಹಕ್ಕಿಯ ಮಾತು ಬೇರೆ, ಹೊಸ ಅಂಗಳಕ್ಕೆ ಮೊದಲ ಸಲ ಬಂದು ಆರಿಸಿಕೊಳ್ಳುವ ಹಕ್ಕಿಯ ಮಾತು ಬೇರೆ.

ಇನ್ನೊಂದು ವಿಷಯವನ್ನು ಜನ ಗಮನಿಸುವುದೇ ಇಲ್ಲ. ಬಿಳಿಯ ಬುರುಡೆಯ ಲಾಭವೇ ಅದರ ಮೈಮೇಲೆ ಬಾಗಿಲು ಕಪ್ಪಾಗಿ, ದೂರದ ಆಕಾಶದಿಂದಲೂ ಎದ್ದು ಕಾಣುವುದರಲ್ಲಿದೆ. ಒಳಗೆ ಬೆಳಕು ತುಂಬಿದ್ದರೆ ಆ ಬಾಗಿಲು ಕಪ್ಪಾಗಿ ಕಾಣದೆ ಬೂದುಬಣ್ಣದ ಕಲೆಯಂತೆ ಕಾಣುತ್ತದೆ. ಹೀಗಾಗಿ ಒಳಗನ್ನು ಕತ್ತಲಾಗಿಸುವುದು ಹೊರಗಿನ ಅಂದಕ್ಕೂ ಬೇಕಾದದ್ದೇ. ಹೂಬಳ್ಳಿ ಬಿಡಿಸಿದವರಿಗೆ ನಾನು ಕೊಡಬಹುದಾದ ಸಮಾಧಾನ ಇಷ್ಟೇ.

ಪರೀಕ್ಷೆ ಸುಲಭ. ರಾತ್ರಿ ಮೊಬೈಲಿನ ಟಾರ್ಚ್ ಹಚ್ಚಿ, ಸ್ವಚ್ಛಗೊಳಿಸಲೆಂದು ಪಕ್ಕದಲ್ಲಿರುವ ಮುಚ್ಚಳದ ಮೂಲಕ ಬುರುಡೆಯೊಳಗಿಟ್ಟು ಮುಚ್ಚಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಬೇಕು. ಬೆಳಕು ಬಾಗಿಲಿನಲ್ಲಿ ಮಾತ್ರ ಕಂಡರೆ ಬುರುಡೆ ಸರಿಯಾಗಿದೆ. ಮೈಯೆಲ್ಲ ಬೆಳಗಿದರೆ ಇಲ್ಲ. ಆಗ ಹಳೆಯ ಬಣ್ಣವನ್ನು ಉಜ್ಜಿ ತೆಗೆದು, ಹೊರಮೈಯನ್ನು ಮರಳುಕಾಗದದಿಂದ ತರಿತರಿಯಾಗಿಸಿ, ತೊಳೆದು ಒಣಗಿಸಿ, ಪ್ಲಾಸ್ಟಿಕ್ಕಿಗೆ ಹಿಡಿಯುವ ಕಪ್ಪು ಅಥವಾ ಗಾಢ ಕಂದು ಬಣ್ಣವನ್ನು ಮೊದಲು ಬಳಿದು, ಅದು ಒಣಗಿದ ಮೇಲೆ ಅದರ ಮೇಲೆ ಎರಡು ಕೈ ಬಿಳಿ ಬಣ್ಣ ಕೊಡಬೇಕು. ಕೆಳಗಿನ ಕಪ್ಪು ಬೆಳಕನ್ನು ತಡೆಯುತ್ತದೆ, ಮೇಲಿನ ಬಿಳಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಕಪ್ಪು ಬಳಿದಷ್ಟಕ್ಕೆ ನಿಲ್ಲಿಸಿದವರ ಬುರುಡೆ ಮೇ ತಿಂಗಳಲ್ಲಿ ಒಲೆಯಾಗುತ್ತದೆ, ಮರಿಗಳು ಉಳಿಯುವುದಿಲ್ಲ; ಇದನ್ನು ಅರ್ಧಕ್ಕೆ ಬಿಡುವುದಾದರೆ ದಯವಿಟ್ಟು ಆರಂಭಿಸಲೇಬಾರದು. ಒಳಮೈಗೇ ಬಣ್ಣ ಬಳಿಯುವವರೂ ಇದ್ದಾರೆ. ಒಳಗಿನ ಬಣ್ಣ ಸಿಪ್ಪೆಯೆದ್ದು ಮರಿಗಳ ಮೇಲೆ ಉದುರುವ ಸಾಧ್ಯತೆ ಇರುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ. ತಳದ ನೀರಿಳಿಯುವ ರಂಧ್ರಗಳನ್ನೂ ಗಾಳಿಯ ರಂಧ್ರಗಳನ್ನೂ ಬಣ್ಣದಿಂದ ಮುಚ್ಚಬಾರದೆಂದು ಬೇರೆ ಹೇಳಬೇಕಾಗಿಲ್ಲವೆಂದುಕೊಳ್ಳುತ್ತೇನೆ. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ನೆರಳಿನಲ್ಲಿ ಬಿಡಬೇಕಾದ್ದರಿಂದ ಡಿಸೆಂಬರ್ ಇದಕ್ಕೆ ಸೂಕ್ತ ಕಾಲ.

ಸೋರೆಗಿದ್ದು ಪ್ಲಾಸ್ಟಿಕ್ಕಿಗಿಲ್ಲದ ಇನ್ನೊಂದು ಗುಣ ಒಳಗೋಡೆಯ ಒರಟುತನ. ಮಾರ್ಟಿನ್‌ನ ಕಾಲು ಗಿಡ್ಡ. ನುಣುಪಾದ ಗೋಡೆಯ ಮೇಲೆ ಅದು ಜಾರುತ್ತದೆ, ಮೂರು ವಾರ ದಾಟಿದ ಮರಿಗಳು ತುತ್ತಿಗಾಗಿ ಬಾಗಿಲಿಗೆ ಹತ್ತಲು ಹೋಗಿ ಮತ್ತೆ ಮತ್ತೆ ಕೆಳಗೆ ಬೀಳುತ್ತವೆ. ತಳದಿಂದ ಬಾಗಿಲಿನವರೆಗೆ ಒರಟು ಮರಳುಕಾಗದದಿಂದ ಅಡ್ಡಡ್ಡ ಗೀಚಿದರೆ ಸಾಕು. ತಳಕ್ಕೆ ಎರಡು ಹಿಡಿ ಒಣ ಪೈನ್ ಸೂಜಿ ಅಥವಾ ಹುಲ್ಲನ್ನು ಹರಡಿ, ಬಟ್ಟಲಿನಂತೆ ನಡುವೆ ಒತ್ತಿ ಕೊಡಬಹುದು. ಯಾರೋ ಹಿಂದೆ ಇಲ್ಲಿ ಸಂಸಾರ ಮಾಡಿದ್ದರೆಂಬ ಭಾವನೆ ಹೊಸ ಹಕ್ಕಿಗೆ ಬರುತ್ತದೆಂದು ಅನುಭವಿಗಳ ನಂಬಿಕೆ, ನನ್ನದೂ ಹೌದು. ಒಂದೇ ತಂತಿಯಲ್ಲಿ ತೂಗುಬಿಟ್ಟ ಬುರುಡೆ ಗಾಳಿಗೆ ಗಿರಗಿರನೆ ತಿರುಗುತ್ತದೆ. ಅದನ್ನು ಕಂಬದ ಅಡ್ಡತೋಳಿಗೆ ಬಿಗಿಯಬೇಕು.

ಬಾಗಿಲಿನ ವಿಷಯದಲ್ಲಿ ನನ್ನ ತಾಳ್ಮೆ ಇನ್ನೂ ಕಡಿಮೆ. ಈಗಿನ ಬುರುಡೆಗಳಿಗೆ ದುಂಡು ಬಾಗಿಲಿನ ಬದಲು ಅರ್ಧಚಂದ್ರಾಕಾರದ ಬಾಗಿಲು ಬರುತ್ತದೆ. ಅದರ ಎತ್ತರ ಸುಮಾರು 30 ಮಿಲಿಮೀಟರ್. ನಮ್ಮ ಗೊರವಂಕದ ಬಂಧುವಾದ ಯುರೋಪಿನ ಸ್ಟಾರ್ಲಿಂಗ್ ಹಕ್ಕಿಯನ್ನು 1890ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕಿನಲ್ಲಿ ತಂದುಬಿಟ್ಟ ಮೇಲೆ ಅದು ದೇಶವನ್ನೇ ತುಂಬಿ, ಮಾರ್ಟಿನ್‌ಗಳನ್ನು ಗೂಡಿನಲ್ಲಿಯೇ ಕುಕ್ಕಿ ಕೊಲ್ಲುತ್ತಿದೆ. ಗಿಡ್ಡ ಕಾಲಿನ ಮಾರ್ಟಿನ್ ಹೊಟ್ಟೆಯನ್ನು ಹೊಸ್ತಿಲಿಗೆ, ಅಂದರೆ ಬಾಗಿಲ ಮುಂದಿನ ಪುಟ್ಟ ಜಗಲಿಗೆ, ತಾಗಿಸಿ ಈ ತಗ್ಗು ಬಾಗಿಲಲ್ಲಿ ನುಸುಳುತ್ತದೆ, ಸ್ಟಾರ್ಲಿಂಗ್ ನುಸುಳಲಾರದು. ಮೊದಲ ಸಲ ನೋಡಿದ ಮಾರ್ಟಿನ್ ತಲೆ ಹಾಕಿ, ತೆಗೆದು, ಮತ್ತೆ ಹಾಕಿ ಹತ್ತಾರು ಬಾರಿ ಹೆಣಗುತ್ತದೆ. ಕೆಳಗೆ ನಿಂತ ನಮ್ಮ ಜನರಿಗೆ ಕರುಳು ಚುರುಕ್ ಎನ್ನುತ್ತದೆ, ಅರ ತಂದು ಎರಡು ಮಿಲಿಮೀಟರ್ ಉಜ್ಜಿಬಿಡುತ್ತಾರೆ. ಆ ಎರಡು ಮಿಲಿಮೀಟರ್ ಸ್ಟಾರ್ಲಿಂಗ್‌ಗೆ ಸಾಕು. ಹೊಸ್ತಿಲಿನ ಮಟ್ಟ ಬಾಗಿಲಿನ ಕೆಳಅಂಚಿಗೆ ಸಮನಾಗಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು, ಉಳಿದದ್ದನ್ನು ಹಕ್ಕಿಗೆ ಬಿಡಬೇಕು.

ಗುಬ್ಬಿಯನ್ನು ಮಾತ್ರ ಈ ಬಾಗಿಲು ತಡೆಯುವುದಿಲ್ಲ, ಮತ್ತು ಕನ್ನಡದ ಮನೆಗಳಲ್ಲಿ ನನಗೆ ಹೆಚ್ಚಿನ ಕಷ್ಟವಾಗುವುದು ಇಲ್ಲಿಯೇ. ಮೇಷ್ಟ್ರ ಬುರುಡೆಗಳಿಗೆ ಬಣ್ಣ ಒಣಗಿ ಮೇಲೇರಿದ ಎರಡನೆಯ ದಿನವೇ ಗುಬ್ಬಿಗಳು ಹುಲ್ಲು ತುಂಬತೊಡಗಿದವು. ಕಿತ್ತುಹಾಕಿ ಎಂದು ನಾನು ಹೇಳಿದಾಗ ಅವರ ಮುಖ ಬಾಡಿತು. ಬೆಂಗಳೂರಿನ ಮಗನ ಮನೆಯಲ್ಲಿ ರಟ್ಟಿನ ಗೂಡು ಕಟ್ಟಿ, ನವಣೆ ಚೆಲ್ಲಿ, ಮೂರು ವರ್ಷ ಕಾದರೂ ಬಾರದ ಗುಬ್ಬಚ್ಚಿ ಇಲ್ಲಿ ತಾನಾಗಿ ಬಂದಿದೆ, ಅದನ್ನು ಓಡಿಸುವುದೇ? ಇಲ್ಲಿ ಗುಬ್ಬಿ ಹೊರಗಿನದೆಂದೂ, 1850ರ ದಶಕದಲ್ಲಿ ಬ್ರೂಕ್ಲಿನ್‌ಗೆ ತಂದು ಬಿಟ್ಟದ್ದೆಂದೂ, ಅದು ಮಾರ್ಟಿನ್‌ನ ಮೊಟ್ಟೆಗಳನ್ನು ಕುಕ್ಕಿ ಒಡೆಯುತ್ತದೆ, ಮರಿಗಳನ್ನು ಹೊರಗೆಸೆಯುತ್ತದೆಂದೂ, 1918ರ ವಲಸೆ ಹಕ್ಕಿಗಳ ಕಾಯಿದೆಯ ರಕ್ಷಣೆ ಮಾರ್ಟಿನ್‌ಗಿದೆ, ಗುಬ್ಬಿಗಿಲ್ಲವೆಂದೂ ವಿವರಿಸಿದೆ. ಗೂಡು ಯಾರದೆಂದು ಖಚಿತವಾಗದೆ ಕೈ ಹಾಕಬಾರದೆಂಬುದನ್ನೂ ಹೇಳಿದೆ: ಗುಬ್ಬಿಯದು ಹುಲ್ಲು, ಪುಕ್ಕ, ಕಾಗದದ ಚೂರುಗಳಿಂದ ಗುಮ್ಮಟದಂತೆ ಮೇಲೆದ್ದಿರುತ್ತದೆ; ಮಾರ್ಟಿನ್‌ನದು ಕಡ್ಡಿ, ಮಣ್ಣು ಸೇರಿ ಚಪ್ಪಟೆಯಾಗಿರುತ್ತದೆ. ಮೇಷ್ಟ್ರು ಏನೂ ಮಾತನಾಡಲಿಲ್ಲ. ಮಾರನೆಯ ದಿನದಿಂದ ಪ್ರತಿ ಸಂಜೆ ಕಂಬದ ರಾಟೆಯ ಹಗ್ಗದಿಂದ ಬುರುಡೆಗಳನ್ನು ಇಳಿಸಿ, "ಬೇರೆ ಕಡೆ ನೋಡಿಕೋ ಹೋಗಪ್ಪ" ಎನ್ನುತ್ತ ಹುಲ್ಲು ತೆಗೆಯುವ ಕೆಲಸವನ್ನು ತಾವೇ ವಹಿಸಿಕೊಂಡರೆಂದು ಮಗಳು ಹೇಳಿದರು.

ಮಾರ್ಚ್ ಮುಗಿದರೂ ಮಾರ್ಟಿನ್ ಬಾರದಿದ್ದಾಗ ಮನೆಯವರು ಬುರುಡೆ ಇಳಿಸುವ ಮಾತೆತ್ತಿದ್ದರು. ಮೊದಲು ಬರುವ ಕಡುನೇರಳೆ ಗಂಡುಗಳು ತಮ್ಮ ಹಳೆಯ ನೆಲೆಗೇ ಹೋಗುವ ವಯಸ್ಕ ಹಕ್ಕಿಗಳು; ಹೊಸ ಅಂಗಳವನ್ನು ಹಿಡಿಯುವವು ಹಿಂದಿನ ವರ್ಷ ಹುಟ್ಟಿದ, ಇನ್ನೂ ಹೊಟ್ಟೆ ಬೂದುಬಣ್ಣವಿರುವ ಎಳೆಯ ಹಕ್ಕಿಗಳು, ಮತ್ತು ಅವು ಎಷ್ಟೋ ವಾರ ತಡವಾಗಿ ಬರುತ್ತವೆ. ಅದನ್ನು ಹೇಳಿ ಕಾಯಿಸಿದೆ. ಏಪ್ರಿಲ್ ಕೊನೆಯಲ್ಲಿ ಒಂದು ಜೋಡಿ ಬಂದು ಇಣುಕಿ, ಒಳಹೊಕ್ಕು, ಹೊರಬರಲು ಬಹಳ ಹೊತ್ತು ತೆಗೆದುಕೊಂಡಿತು. ಒಂದು ಜೋಡಿಯಿಂದ ಸಿದ್ಧಾಂತ ಕಟ್ಟುವವಳಲ್ಲ ನಾನು. ಆ ಜೋಡಿ ಬಣ್ಣವಿಲ್ಲದ ಬುರುಡೆಗೂ ಹೋಗುತ್ತಿತ್ತೇನೋ. ಮೇ ಮೊದಲ ವಾರ ಮೇಷ್ಟ್ರು ಬೆಳಿಗ್ಗೆಯೇ ಫೋನ್ ಮಾಡಿದರು. "ಕಡ್ಡಿ, ಮಣ್ಣು ಎಲ್ಲ ಮುಗಿಯಿತಮ್ಮಾ. ಎರಡು ದಿನದಿಂದ ಹಸಿರು ಎಲೆ ಕಿತ್ತು ಕಿತ್ತು ತರುತ್ತಿವೆ. ಗೃಹಪ್ರವೇಶಕ್ಕೆ ತೋರಣವೇ?" ಹೆಚ್ಚೂಕಡಿಮೆ ಹಾಗೆಯೇ ಮೇಷ್ಟ್ರೇ, ಎಲೆ ತಂದರೆ ಮೊಟ್ಟೆ ದೂರವಿಲ್ಲ, ಲೆಕ್ಕ ಬರೆಯಲು ಒಂದು ನೋಟ್‌ಬುಕ್ ತೆಗೆದಿಡಿ ಎಂದೆ.