ಅಳತೆಗೂ ಒಂದು ಜಾತಕ ಬೇಕು

ಕಾರ್ಖಾನೆಯ ಬಿಡಿಭಾಗಗಳ ಅಳತೆ ಬರೆದ ತಪಾಸಣೆಯ ಹಾಳೆಗಳು ಪಾಳಿ ಮುಗಿದ ಮೇಲೆ ನನ್ನ ಮೇಜಿಗೆ ಬರುತ್ತಿದ್ದ ಕಾಲದಲ್ಲಿ ಅಂಕಿಗಳಿಗಿಂತ ಮೊದಲು ನಾನು ಕೈಬರಹವನ್ನು ನೋಡುತ್ತಿದ್ದೆ. ಗಂಟೆಗೊಮ್ಮೆ ಬರೆದಿರಬೇಕಾದ ಎಂಟು ಸಾಲುಗಳೂ ಒಂದೇ ಓರೆಯಲ್ಲಿ, ಒಂದೇ ಶಾಯಿಯಲ್ಲಿ ಅಚ್ಚುಕಟ್ಟಾಗಿ ಕುಳಿತಿದ್ದರೆ, ಅವು ಪಾಳಿಯ ಕೊನೆಯ ಹತ್ತು ನಿಮಿಷದಲ್ಲಿ ಹುಟ್ಟಿದವು ಎಂದು ತಿಳಿಯುತ್ತಿತ್ತು.

ಗೇಜಿನಿಂದ, ಅಂದರೆ ಅಳೆಯುವ ಉಪಕರಣದಿಂದ, ಅಂಕಿ ನೇರವಾಗಿ ಕಂಪ್ಯೂಟರಿಗೆ ಹೋಗುವ ವ್ಯವಸ್ಥೆ ಬಂದ ಮೇಲೆ ಆ ಪತ್ತೇದಾರಿಕೆ ತಪ್ಪಿತು. ಬರೆಯುವ ಶ್ರಮ ಉಳಿಯಿತು ಎಂದು ಮಾರಾಟಗಾರರು ಹೇಳುತ್ತಾರೆ. ನನಗೆ ಅದು ಸಣ್ಣ ಲಾಭ. ತಂತಿಯಲ್ಲೋ ಬ್ಲೂಟೂತ್‌ನಲ್ಲೋ ಬರುವ ಅಳತೆ ತನ್ನ ಜಾತಕವನ್ನೂ ಹೊತ್ತು ತರಬಲ್ಲದು: ಯಾವ ಬಿಡಿಭಾಗ, ಯಾವ ಯಂತ್ರ, ಯಾವ ಗೇಜು, ಎಷ್ಟು ಹೊತ್ತಿಗೆ, ಎಷ್ಟನೇ ಸಲ. ಅದಿಲ್ಲದ ಅಂಕಿಗಳನ್ನು ಸರ್ವರಿನಲ್ಲಿ ತುಂಬಿಟ್ಟರೂ ಅದು ಹಳೆಯ ಹಾಳೆಯೇ.

ಒಂದು ಕಾರ್ಖಾನೆಯಲ್ಲಿ ಉಕ್ಕಿನ ಶಾಫ್ಟ್ ತಯಾರಾಗುತ್ತಿತ್ತು. ವ್ಯಾಸ 25.000 ಮಿ.ಮೀ., ಹೆಚ್ಚುಕಡಿಮೆಗೆ 0.020 ಮಿ.ಮೀ. ಅವಕಾಶ. ಕಾಗದದ ದಾಖಲೆಗಳನ್ನು ಗ್ರಾಫಿಗೆ ಇಳಿಸಿದಾಗ 25.020ರ ಒಳಮಗ್ಗುಲಲ್ಲಿ ಅಂಕಿಗಳ ಗುಡ್ಡೆ, ಅದರಾಚೆಗೆ ಶೂನ್ಯ. ಯಾವ ಲೇತೂ ನಕ್ಷೆಯ ಮಿತಿ ಓದಿಕೊಂಡು ಅಲ್ಲಿಗೆ ನಿಲ್ಲುವುದಿಲ್ಲ. ಹಾಗಾಗಿ ವ್ಯಾಸ ಅಳೆಯುವ ಗೇಜಾದ ಮೈಕ್ರೋಮೀಟರನ್ನು ಕಂಪ್ಯೂಟರಿಗೆ ಜೋಡಿಸಿದೆವು. ಗುಂಡಿ ಒತ್ತಿದ ಪ್ರತಿ ಸಲವೂ ದಾಖಲಾಗಬೇಕು, ಅಳಿಸಲು ಬರಬಾರದು ಎಂಬುದು ನನ್ನ ಹಟವಾಗಿತ್ತು.

ಮೂರನೇ ದಿನ ಪರದೆಯ ಮೇಲೆ ಒಂದೇ ಶಾಫ್ಟಿಗೆ ಮೂರು ಸಾಲು ಕಂಡವು. 10:14ಕ್ಕೆ 25.023. ಅದೇ ನಿಮಿಷದಲ್ಲಿ ಮತ್ತೆ 25.023. 10:31ಕ್ಕೆ 25.019, ಪಾಸು. ವ್ಯವಸ್ಥಾಪಕರಿಗೆ ಕಳ್ಳನನ್ನು ಹಿಡಿದ ಸಂತೋಷ. ನಾನು ತಪಾಸಣೆಗಾರರನ್ನೇ ಕೇಳಿದೆ. “ಸರ್, ಆಗಷ್ಟೇ ಯಂತ್ರದಿಂದ ಇಳಿದಿತ್ತು, ಕೈಗೆ ಬಿಸಿ ತಾಗುತ್ತಿತ್ತು. ಆರಲಿ ಎಂದು ಪಕ್ಕಕ್ಕಿಟ್ಟೆ” ಎಂದರು. ಲೆಕ್ಕ ಹಾಕಿ ನೋಡಿದೆ. ಒಂದು ಡಿಗ್ರಿಗೆ ಒಂದು ಮೀಟರ್ ಉಕ್ಕು ಸುಮಾರು 11.5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಹಿಗ್ಗುತ್ತದೆ. ಆ ಪ್ರಕಾರ 25 ಮಿ.ಮೀ. ವ್ಯಾಸದ ಶಾಫ್ಟ್ 14 ಡಿಗ್ರಿ ಆರಿದರೆ 4 ಮೈಕ್ರಾನ್ ಕುಗ್ಗಬೇಕು. ಕುಗ್ಗಿದ್ದೂ ಅಷ್ಟೇ. ನಕ್ಷೆಯ ಅಳತೆಗಳು 20 ಡಿಗ್ರಿ ಸೆಲ್ಸಿಯಸ್‌ಗೆ ಅನ್ವಯಿಸುತ್ತವೆ ಎಂಬ ಅಂತರರಾಷ್ಟ್ರೀಯ ನಿಯಮ ಇರುವುದೇ ಈ ಕಾರಣಕ್ಕೆ. ಅವರ ಮಾನ ಉಳಿಸಿದ್ದು ನಡುವಿನ ಆ 17 ನಿಮಿಷ.

ಎಲ್ಲವೂ ಹೀಗಿರಲಿಲ್ಲ, ನಿಜ. ಐದಾರು ಸೆಕೆಂಡಿನಲ್ಲೇ ಅಂಕಿ ಮಿತಿಯೊಳಕ್ಕೆ ಸರಿದ ದಾಖಲೆಗಳೂ ಸಿಕ್ಕವು. ಅಲ್ಲಿ ಕೈ ತುಸು ಬಿಗಿಯಾಗಿ ತಿರುಗಿತ್ತು. ಆದರೂ ಯಾರನ್ನೂ ದಂಡಿಸಬೇಡಿ ಎಂದೆ. ಕರುಣೆಯಿಂದ ಹೇಳಿದ ಮಾತಲ್ಲ. ದಂಡಿಸಿದರೆ ಜನ ಜೇಬಿನಲ್ಲಿ ಇನ್ನೊಂದು ಗೇಜು ಇಟ್ಟುಕೊಳ್ಳುತ್ತಾರೆ. ಮೊದಲು ಅದರಲ್ಲಿ ನೋಡಿ, ಒಳ್ಳೆಯ ಅಂಕಿ ಬರುವುದು ಖಚಿತವಾದ ಮೇಲೆ ಜಾಲದ ಗೇಜನ್ನು ಕೈಗೆತ್ತಿಕೊಳ್ಳುತ್ತಾರೆ. ಆಮೇಲೆ ಪರದೆಯ ಮೇಲೆ ಕಾಣುವುದೆಲ್ಲ ಚಂದವೇ.

ಜೋಡಿಸುವ ಮೊದಲು ಗೇಜಿನ ಯೋಗ್ಯತೆಯನ್ನೂ ಪರೀಕ್ಷಿಸಬೇಕು. ಸಾಮಾನ್ಯವಾಗಿ ಹತ್ತು ಬಿಡಿಭಾಗಗಳನ್ನು ಮೂವರು ಎರಡು ಮೂರು ಬಾರಿ ಅಳೆಯುತ್ತಾರೆ. ಒಟ್ಟು ಏರುಪೇರಿನಲ್ಲಿ ಗೇಜು ಮತ್ತು ಕೈಗಳ ಪಾಲು ಶೇ. 10ಕ್ಕಿಂತ ಕಡಿಮೆಯಿದ್ದರೆ ಸರಿ, ಶೇ. 30 ದಾಟಿದರೆ ಆ ಗೇಜು ಆ ಕೆಲಸಕ್ಕೆ ಸಲ್ಲದು. ಕೆಟ್ಟ ಗೇಜಿಗೆ ತಂತಿ ಕಟ್ಟಿದರೆ ಸುಳ್ಳು ಬೇಗ ತಲುಪುತ್ತದೆ, ಅಷ್ಟೇ.

ಗಡಿಯಾರಗಳ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಬಿಡಿಭಾಗಗಳನ್ನು ಒತ್ತುವ ಪ್ರೆಸ್ಸಿನ ಗಡಿಯಾರ ನಾಲ್ಕು ನಿಮಿಷ ಮುಂದಿದ್ದರೆ ಅದರ ಒತ್ತಡದ ದಾಖಲೆ ಬೇರೆ ಯಾವುದೋ ಬಿಡಿಭಾಗದ ತಲೆಗೆ ಅಂಟಿಕೊಳ್ಳುತ್ತದೆ. ಎಲ್ಲವೂ ಒಂದೇ ಸರ್ವರಿನ ಸಮಯಕ್ಕೆ ಹೊಂದಿರಬೇಕು, ಬಿಡಿಭಾಗದ ಮೈಮೇಲೆ ಕೋಡ್ ಇದ್ದರೆ ಇನ್ನೂ ವಾಸಿ. ಜಾಲ ಕಡಿದಾಗ ಅಂಕಿಗಳು ಯಂತ್ರದ ಬಳಿಯೇ ಉಳಿದು ಆಮೇಲೆ ಸಾಗಬೇಕು. ಕೈಯಿಂದ ತುಂಬಿದವಕ್ಕೆ ಬೇರೆ ಗುರುತಿರಲಿ.

ಇನ್ನು, ಸೆಕೆಂಡಿಗೆ ಸಾವಿರ ಸಲ ಕಂಪನ ಅಳೆದು ರಾಶಿ ಹಾಕುವ ಚಪಲ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರಲ್ಲಿ, ಅಳತೆಗಳ ಏರಿಳಿತ ಸಹಜವೋ ಅಲ್ಲವೋ ಎಂದು ತೋರಿಸುವ ನಿಯಂತ್ರಣ ನಕ್ಷೆಯನ್ನು ರೂಪಿಸಿದಾಗ ಅದನ್ನು ಕಾಗದ ಪೆನ್ಸಿಲ್‌ನಲ್ಲೇ ಬರೆಯಬಹುದಿತ್ತು. ಅದಕ್ಕೆ ಬೇಕಿದ್ದುದು ಗಂಟೆಗೆ ನಾಲ್ಕೈದು ನಂಬಬಹುದಾದ ಅಳತೆಗಳು, ಅವು ಬಂದ ಕ್ರಮದಲ್ಲಿ.

ಆ ಶಾಫ್ಟಿನ ವಿಭಾಗದಲ್ಲಿ ಮರು ಅಳತೆಗೆ ಕಾರಣ ಆರಿಸುವ ಪಟ್ಟಿಯನ್ನು ಪರದೆಗೆ ಸೇರಿಸಿದೆವು: ಚೂರು ಅಂಟಿತ್ತು, ಎಣ್ಣೆ ಇತ್ತು, ಗೇಜು ಜಾರಿತು. “ಬಿಸಿ ಇತ್ತು” ಎಂಬುದನ್ನೂ ಹಾಕಿ ಎಂದು ಕೇಳಿದವರು ಆ ತಪಾಸಣೆಗಾರರೇ. ಮೊದಲ ವಾರ ಎಲ್ಲಕ್ಕಿಂತ ಹೆಚ್ಚು ಸಲ ಒತ್ತಿದ್ದು ಅದೇ ಗುಂಡಿ, ಅದರಲ್ಲೂ ಒಂದೇ ಲೇತಿನ ಶಾಫ್ಟುಗಳಿಗೆ. ಹೋಗಿ ನೋಡಿದರೆ ಅದರ ಕೂಲಂಟ್ (ತಂಪಾಗಿಸುವ ದ್ರವ) ನಳಿಕೆ ಅರ್ಧ ಕಟ್ಟಿಕೊಂಡಿತ್ತು.